ಫೋನಿಗೆ ಬಾಗಿದ ಸೊಂಟ

ಬಾಗಲಕೋಟೆಯ ಆಸ್ಪತ್ರೆಯ ವರಾಂಡದಲ್ಲಿ ಫೋನ್ ಹಿಡಿದು ನಿಂತಿದ್ದ ನಾನು ಮತ್ತೆ ಮತ್ತೆ ಸೊಂಟ ಬಗ್ಗಿಸುತ್ತಿದ್ದೆ. ವಿಡಿಯೊ ಕರೆಯೂ ಅಲ್ಲ. ಜಪಾನಿನಲ್ಲಿದ್ದ ನನ್ನ ಮೇಲಧಿಕಾರಿಗೆ ನಾನು ಕಾಣುತ್ತಲೇ ಇರಲಿಲ್ಲ. ಅಲ್ಲಿ ಎಂಜಿನಿಯರ್ ಆಗಿ ದುಡಿಯುತ್ತ ಮೈಗೆ ಹತ್ತಿದ ಅಭ್ಯಾಸ ಅದು. ನಮ್ಮ ವಿಭಾಗದಲ್ಲಿ ರಜೆ ಹಾಕಿದವರು ‘ನಿಮಗೆಲ್ಲ ತೊಂದರೆ ಕೊಟ್ಟೆ’ ಎಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಬೇಕು.

ಅಪ್ಪನ ಹಾಸಿಗೆಯ ಪಕ್ಕ ಕುಳಿತಿದ್ದ ಅವ್ವ ಎದ್ದು ಬಂದಳು.

“ಯಾರಿಗವ್ವಾ ಹಂಗ ಬಗ್ಗಾಕತ್ತಿ? ಏನ್ ತಪ್ಪು ಮಾಡೀದಿ?”

“ರಜಾ ಹಾಕಿ ಬಂದೇನಲ್ಲಬೇ, ಅದಕ್ಕ.”

“ಅಪ್ಪನ ಆಪರೇಷನ್ನಿಗೆ ಮಗಳು ಬರೂದು ತಪ್ಪೇನ? ನೆಟ್ಟಗ ನಿಂದ್ರು!”

ನೆಟ್ಟಗೆ ನಿಂತೆ. ನಾಳೆಯಿಂದ ಊರಿನಿಂದಲೇ ಕೆಲಸ ಮಾಡಬಹುದಲ್ಲ ಎಂದು ಮೇಲಧಿಕಾರಿ ಬಹಳ ವಿನಯದಿಂದಲೇ ಕೇಳುತ್ತಿದ್ದರು. ನನ್ನ ಕೆಲಸದ ಕರಾರು ಮುಂದುವರಿಯುವುದು ಅವರ ಕೈಯಲ್ಲೇ ಇತ್ತು. ಆದರೂ, “ಆಗುವುದಿಲ್ಲ, ನಾನು ರಜೆಯಲ್ಲಿದ್ದೇನೆ” ಎಂದುಬಿಟ್ಟೆ. ಜಪಾನಿ ಭಾಷೆಯಲ್ಲಿ ‘ಕ್ಷಮಿಸಿ’ ಸೇರಿಸದೆ ಇಲ್ಲವೆಂದದ್ದು ಅದೇ ಮೊದಲು.

ಜಪಾನಿನ ಕಚೇರಿಗೆ ಮರಳಿದ ದಿನ ಅಲ್ಲಿನ ಪದ್ಧತಿಯಂತೆ ಪ್ರತಿಯೊಬ್ಬರ ಮೇಜಿಗೂ ಹೋಗಿ ಊರಿನ ಸಿಹಿ ಹಂಚಿದೆ, ಅಮೀನಗಡದ ಕರದಂಟು. ಕ್ಷಮೆ ಮಾತ್ರ ಕೇಳಲಿಲ್ಲ. “ಅಪ್ಪ ಎದ್ದು ಓಡಾಡುತ್ತಿದ್ದಾರೆ, ಬಾಯಿ ಸಿಹಿ ಮಾಡಿಕೊಳ್ಳಿ” ಎಂದೆ.

ಕರಾರಿನ ತೀರ್ಮಾನ ಇನ್ನೂ ಬಂದಿಲ್ಲ. ಮೇಲಧಿಕಾರಿಯ ಫೋನ್ ಈಗಲೂ ಬರುತ್ತದೆ. ಮೊದಲು ನೆಟ್ಟಗೆ ನಿಲ್ಲುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ.