ಎಡೆಯ ಪಲಾವಿಗೆ ಉಪ್ಪು

ಎಡೆಗಿಡುವ ಅಡುಗೆಯ ರುಚಿ ನೋಡಬಾರದು. ಸತ್ತವರು ಮೊದಲು ತಿನ್ನಬೇಕು, ಆಮೇಲೆ ಬದುಕಿರುವವರು. ಈ ನಿಯಮದ ವಿರುದ್ಧ ನಾನು ಹೈಸ್ಕೂಲಿನಿಂದಲೂ ವಾದ ಮಾಡಿಕೊಂಡು ಬಂದವಳು. ಎಲೆಯ ಮೇಲೆ ಬಡಿಸಿದ್ದು ಬಡಿಸಿದ ಹಾಗೇ ಇರುತ್ತದೆ, ಒಂದು ಅಗುಳೂ ಕಡಿಮೆಯಾಗುವುದಿಲ್ಲ. ಹಾಗಿದ್ದ ಮೇಲೆ ಯಾರು ಮೊದಲು ತಿಂದರೇನು? ಅಪ್ಪ ಇದಕ್ಕೆ ಸಿಟ್ಟಾಗುತ್ತಿರಲಿಲ್ಲ. "ನಾನ್ ಹೋದ್ಮೇಲೆ ಬಂದು ಹೇಳ್ತೀನಿ ಬಿಡು, ತಿಂದ್ನೋ ಇಲ್ವೋ ಅಂತ" ಎಂದು ನಗುತ್ತಿದ್ದರು.

ಅವರು ಹೋದ ಮೇಲೆ ಬಂದ ಮೊದಲ ಹಿರಿಯರ ಹಬ್ಬ ಅದು. ಸುಗಟೂರಿನ ನಮ್ಮ ಮನೆಯ ಹಿತ್ತಲಲ್ಲಿ, ಸೌದೆ ಒಲೆಯ ಮೇಲೆ ದೊಡ್ಡ ದಬರಿ ಕೂತಿತ್ತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೇ ಎಡೆ ಇಡುವುದು ರೂಢಿ. ಅಪ್ಪನಿಗೆ ಇಷ್ಟವಾದದ್ದು ನಾಟಿ ಕೋಳಿ ಪಲಾವ್. ಅದೂ ತೋಟದ ಬೀನ್ಸ್, ಕ್ಯಾರೆಟ್, ನವಿಲುಕೋಸು ಎಲ್ಲವೂ ಕೋಳಿಯ ಜೊತೆಗೇ ಬೆಂದದ್ದು. ನರಸಾಪುರದಲ್ಲಿ ಕಂಪನಿ ಬಸ್ಸು ಓಡಿಸುತ್ತಿದ್ದಾಗ, ಶಿಫ್ಟಿನವರನ್ನು ಇಳಿಸಿ ಮನೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ದಬರಿಯ ಮುಚ್ಚಳ ಎತ್ತಿ ನೋಡುತ್ತಿದ್ದರು.

ಆಮೇಲೆ ಬಿಪಿ ಬಂತು, ಅದರ ಹಿಂದೆಯೇ ಕಿಡ್ನಿ ಕೆಟ್ಟಿತು. ಉಪ್ಪು ಬಿಡಿಸಿ ಎಂದರು ಡಾಕ್ಟರು. ಅಮ್ಮ ಬಿಡಿಸಿದಳು. ಆ ವರ್ಷಗಳಲ್ಲಿ ಮನೆಯಲ್ಲಿ ಆದ ಜಗಳವೆಲ್ಲ ಉಪ್ಪಿನದ್ದೇ. "ಇದನ್ನ ದನಾನೂ ಮೂಸಲ್ಲ ಕಣೇ" ಎಂದು ಅಪ್ಪ ತಟ್ಟೆ ದೂಡುವುದು, ಅಮ್ಮ ಅದನ್ನು ಮತ್ತೆ ಅವರ ಮುಂದಕ್ಕೆ ಸರಿಸುವುದು. ಕೊನೆಯ ಸಲ ಆಸ್ಪತ್ರೆಗೆ ಹೊರಡುವ ಮುನ್ನ ಅವರು ಕೇಳಿದ್ದು, ಒಂದೇ ಒಂದು ದಿನ ಸರಿಯಾಗಿ ಉಪ್ಪು ಹಾಕಿ ಪಲಾವ್ ಮಾಡಿಕೊಡು ಎಂದು. "ವಾಸಿ ಮಾಡ್ಕೊಂಡು ಬನ್ನಿ, ಮಾಡಿಕೊಡ್ತೀನಿ" ಎಂದಳು ಅಮ್ಮ. ಅವರು ಬರಲಿಲ್ಲ.

ಅಪ್ಪನ ಅಕ್ಕ, ನನ್ನ ಅತ್ತೆ, ಮುಳಬಾಗಿಲಿನಿಂದ ಬೆಳಿಗ್ಗೆಯೇ ಬಂದು ಬೀನ್ಸ್ ಮುರಿಯುತ್ತ ಕೂತಿದ್ದರು. ಅವರ ಕನ್ನಡದಲ್ಲಿ ಅರ್ಧ ತೆಲುಗು. ಅಮ್ಮ ಈರುಳ್ಳಿ ಕೆಂಪಗೆ ಹುರಿದು, ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ ಅರೆದ ಮಸಾಲೆ ಹಾಕಿ, ಕೋಳಿಯನ್ನು ಅದರಲ್ಲೇ ಬಾಡಿಸಿದಳು. ನಾಟಿ ಕೋಳಿ ಬೇಗ ಬೇಯುವುದಿಲ್ಲ. ಅದು ಮೆತ್ತಗಾದ ಮೇಲೆ ತರಕಾರಿ ಸುರಿದು, ಅಕ್ಕಿಗೆ ಬೇಕಾದಷ್ಟು ನೀರು ಹಾಕಿದಳು.

ಪಲಾವಿಗೆ ಉಪ್ಪು ನೋಡುವುದು ನೀರಿನಲ್ಲಿ. ಕುದಿಯುವ ನೀರನ್ನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಉಪ್ಪು ತುಸು ಮುಂದಾಗಿಯೇ ಇರಬೇಕು, ಅಕ್ಕಿ ಅದನ್ನು ಎಳೆದುಕೊಳ್ಳುತ್ತದೆ. ಅಕ್ಕಿ ಬಿದ್ದ ಮೇಲೆ ತಿದ್ದಲು ಬರುವುದಿಲ್ಲ. ಎಡೆಯ ದಿನ ನೆಕ್ಕುವ ಹಾಗೂ ಇಲ್ಲ, ಕೈಯ ಅಂದಾಜೇ ಗತಿ. ಅಮ್ಮನ ಕೈಗೆ ಎರಡು ಅಂದಾಜು ಗೊತ್ತಿತ್ತು. ಒಂದು ಅಪ್ಪನದು, ಇನ್ನೊಂದು ಡಾಕ್ಟರದು.

ನೀರು ಕುದಿಯುತ್ತಿತ್ತು. ಅಮ್ಮ ಉಪ್ಪಿನ ಡಬ್ಬಿ ಹಿಡಿದು ನಿಂತೇ ಇದ್ದಳು.

"ನೀರೆಲ್ಲ ಇಂಗೋಗ್ತಾ ಐತೆ, ಹಾಕಮ್ಮ" ಎಂದರು ಅತ್ತೆ. "ಕೈ ತುಂಬ, ನಿಂಡಾ ಹಾಕು. ನನ್ ತಮ್ಮ ಸಪ್ಪೆ ತಿಂದ್ಕೊಂಡೇ ಹೋದ."

"ಡಾಕ್ಟ್ರು ಬ್ಯಾಡ ಅಂದಿದ್ರಲ್ಲ ಅಕ್ಕ."

"ಅಮ್ಮ, ಸತ್ತೋರಿಗೆ ಬಿಪಿ ಇರಲ್ಲ" ಎಂದೆ ನಾನು.

"ಹಂಗೇಳು! ಹುಟ್ಟಿದಾಗಿಂದ ಒಂದು ಒಳ್ಳೆ ಮಾತಾಡ್ದೆ ನೋಡು" ಎಂದರು ಅತ್ತೆ.

ಅಮ್ಮ ನನ್ನ ಕಡೆ ತಿರುಗಿದಳು. "ನಿಂಗ್ಯಾಕೆ? ಬರಲ್ಲ, ತಿನ್ನಲ್ಲ ಅಂತ ವರ್ಷ ವರ್ಷ ಬಾಯಿ ಮಾಡ್ತೀಯ. ಬರದೇ ಇರೋರಿಗೆ ಉಪ್ಪು ಎಷ್ಟಾದ್ರೇನು?"

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿ ಕಪ್ ಗೆದ್ದವಳು ನಾನು. ಉತ್ತರ ತಾನಾಗಿಯೇ ಬಾಯಿಗೆ ಬಂತು. "ಬರಲ್ಲ ಅಂದ್ರೆ ಎಷ್ಟು ಹಾಕಿದ್ರೂ ಯಾರಿಗೂ ತೊಂದ್ರೆ ಇಲ್ಲ. ಬರ್ತಾರೆ ಅಂದ್ರೆ ಅವರು ಕೇಳಿದ್ದೇ ಅದನ್ನ. ಯಾವ ಕಡೆಯಿಂದ ನೋಡಿದ್ರೂ ಪೂರ್ತಿ ಹಾಕ್ಬೇಕು."

ವಾದದಲ್ಲಿ ಬಿರುಕಿಲ್ಲ ಎಂದುಕೊಂಡಿದ್ದೆ. ಅಮ್ಮ ಮೆಲ್ಲಗೆ ಕೇಳಿದಳು: "ಇವತ್ತು ಹಾಕಿದ್ರೆ, ಅವತ್ತೂ ಹಾಕ್ಬೋದಿತ್ತು ಅಂತ ಆಗಲ್ವೇನೇ?"

ಅತ್ತೆ ಬೀನ್ಸಿನ ನಾರು ಮಡಿಲಿನಿಂದ ಕೊಡವಿ, ಮೊಣಕಾಲು ಹಿಡಿದುಕೊಂಡು ಎದ್ದು ಬಂದರು. "ಅವತ್ತು ನೀನು ಹಾಕಿದ್ದಿದ್ರೆ ನಾನೇ ನಿನ್ನ ಸುಮ್ನೆ ಬಿಡ್ತಿರ್ಲಿಲ್ಲ. ಉಳೀಲಿ ಅಂತ ಹಾಕ್ಲಿಲ್ಲ ನೀನು. ಇವತ್ತು ಹಾಕು ತಾಯಿ."

ಅಮ್ಮ ಡಬ್ಬಿಗೆ ಕೈ ಹಾಕಿದಳು. ದಬರಿಯ ಕಡೆ ನೋಡದೆ ಹಾಕಿದಳು, ಇನ್ನಷ್ಟು ಹಾಕಿದಳು. ಆಮೇಲೆ ನೆನೆಸಿದ ಅಕ್ಕಿ ಸುರಿದು, ಮುಚ್ಚಳದ ಮೇಲೆ ಕೆಂಡ ಇಟ್ಟಳು.

ನಡುಮನೆಯಲ್ಲಿ ಮಣೆಯ ಮೇಲೆ ಅಪ್ಪನ ಖಾಕಿ ಅಂಗಿ, ಅದರ ಮುಂದೆ ಎಲೆ. ಪಲಾವ್ ಬಡಿಸಿ, ಬಾಗಿಲು ಮುಚ್ಚಿ, ಮೂವರೂ ಹೊರಗೆ ಜಗಲಿಯ ಮೇಲೆ ಕೂತೆವು. ಒಳಗಿನಿಂದ ಸದ್ದೇನೂ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಕಿವಿ ಅಲ್ಲೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ, ಒಳಗೆ ಉಣ್ಣುತ್ತಿರುವವರಿಗೆ ತಿಳಿಯಲೆಂದು, ಒಮ್ಮೆ ಕೆಮ್ಮಿ ಬಾಗಿಲು ತೆಗೆದಳು. ಎಲೆಯಲ್ಲಿ ಒಂದು ಅಗುಳೂ ಕಡಿಮೆಯಾಗಿರಲಿಲ್ಲ. ಈ ಸಲ ನಾನು ಅದನ್ನು ಹೇಳಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. "ಇದು ನನ್ ತಮ್ಮನ ಪಲಾವು" ಎಂದರು. ಹೌದು, ನಾನು ಚಿಕ್ಕವಳಿದ್ದಾಗಿನ ರುಚಿಯೇ. ಅಮ್ಮ ಮಾತ್ರ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. ನೀರು ಕುಡಿದಳು. ಇನ್ನೊಂದು ತುತ್ತು, ಮತ್ತೆ ನೀರು.

"ಉಪ್ಪು ಜಾಸ್ತಿ ಆಯ್ತಾಮ್ಮ?"

"ಇಲ್ಲ, ಸರಿಯಾಗೈತೆ. ನನ್ ನಾಲಿಗೆಗೇ ತಡ್ಕೊಳ್ಳಕ್ಕಾಗ್ತಿಲ್ಲ."

ಆಗ ಹೊಳೆಯಿತು. ಅಷ್ಟು ವರ್ಷ ಮನೆಯಲ್ಲಿ ಒಲೆಗೇರಿದ್ದು ಒಂದೇ ಪಾತ್ರೆ, ಸಪ್ಪೆಯದು. ನಾನು ಉಪ್ಪಿನಕಾಯಿ ಕಲಸಿಕೊಂಡು ತಿನ್ನುತ್ತಿದ್ದೆ. ಅವಳು ಅಪ್ಪನ ಪಕ್ಕದಲ್ಲಿ ಕೂತು, ಅವರು ತಿಂದಿದ್ದನ್ನೇ ತಿನ್ನುತ್ತಿದ್ದಳು.

"ಮೊಸರನ್ನ ಕೊಡ್ಲಾ?" ಎಂದೆ.

"ಬ್ಯಾಡ" ಎಂದಳು. ಮುಗಿಸುವವರೆಗೂ ಏಳಲಿಲ್ಲ. ಅವಳ ಲೋಟ ಬರಿದಾದಾಗಲೆಲ್ಲ ನಾನು ನೀರು ಬಗ್ಗಿಸುತ್ತ ಹೋದೆ.