ಹಸಿ ಹಿಟ್ಟು ಸಿಡಿದ ದಿನ

ನನ್ನ ಮೊಮ್ಮಗಳು ಬಾಗಲವಾಡದ ದಾರಿಯ ಶೆಡ್ಡಿನಲ್ಲಿ ಬ್ರಿಕೆಟ್ ಮಷೀನು ನಡೆಸುತ್ತಾಳೆ. ಹೀಗೆ ಹೇಳುವಾಗಲೇ ನನಗೆ ಎದೆ ತುಂಬಿ ಬರುತ್ತದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಹಳ್ಳದ ಜಾಲಿ ಎಲ್ಲವನ್ನೂ ಹಿಟ್ಟು ಮಾಡಿ ಒಂದು ಕಡೆ ಸುರಿದರೆ, ಇನ್ನೊಂದು ಕಡೆ ಕೊಳವೆಯಿಂದ ತೋಳಿನಷ್ಟು ದಪ್ಪದ ಉರುವಲು ತುಂಡುಗಳು ಬಿಸಿಬಿಸಿಯಾಗಿ ಬರುತ್ತವೆ. ರಾಯಚೂರಿನ ಮಿಲ್ಲುಗಳು ಅವನ್ನೇ ಉರಿಸುತ್ತವೆ.

ಒಂದು ಬೆಳಿಗ್ಗೆ ನಾನೂ ನನ್ನ ಗಂಡನೂ ಮಾನ್ವಿ ಸಂತೆಗೆ ಹೊರಟವರು ಅವಳನ್ನು ನೋಡಲು ದಾರಿಯಲ್ಲೇ ಬಸ್ಸು ಇಳಿದೆವು. ನಮ್ಮವರು ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಬೂದಿಯಂತೆ ಜಾರಿತು. ನನ್ನ ಕಡೆ ತಿರುಗಿದರು.

"ಇದು ಹೆಂಗ ಕೂಡ್ತದ? ನೀರಿಲ್ದ ಎಂದಾರ ಸೆಗಣಿ ಕುಳ್ಳು ತಟ್ಟೀಯೇನು ನೀ?"

"ಸುಮ್ನ ಕೂಡ್ರಿ. ಅದು ಮಷೀನಿಂದು, ನಿಮ್ಮ ತಿಪ್ಪಿದಲ್ಲ."

ಎಂದು ಗದರಿ ನಾನು ನೆರಳಿಗೆ ಹೋಗಿ ಕೂತೆ. ಮೊಮ್ಮಗಳು ಮಷೀನು ಚಾಲೂ ಮಾಡಿ, ತುಂಡು ನೋಡಲು ಕೊಳವೆಯ ಬಾಯಿಯ ಹತ್ತಿರ ನಿಂತಳು. ಆಗ ನೋಡುತ್ತೇನೆ, ನಮ್ಮವರ ಕೈಯಲ್ಲಿ ಖಾಲಿ ಕೊಡ, ಹಿಟ್ಟೆಲ್ಲ ತೊಯ್ದಿದೆ!

ಕೊಳವೆ ಬುಸುಗುಟ್ಟಿತು. ಮರುಗಳಿಗೆಗೆ ಢಂ ಎಂದಿತು. ಒಂದು ತುಂಡು ಎದುರಿನ ತಗಡು ಹರಿದು ಹೊರಗೆ ಹಾರಿತು. ಶೆಡ್ಡಿನ ತುಂಬ ಹೊಗೆ, ಉಗಿ. ಅವಳು ಕಾಣಲಿಲ್ಲ.

ಹೊಗೆಯೊಳಗೆ ನುಗ್ಗಿದೆ. ಕೈಗೆ ಏನು ಸಿಗುತ್ತದೋ ಎಂಬ ಭಯಕ್ಕೆ ಕೈ ಚಾಚಲೂ ಆಗಲಿಲ್ಲ. ಕಾಲಿಗೆ ಬೆಚ್ಚಗಿನದೇನೋ ತಗುಲಿತು. ಬಗ್ಗಿ ಮುಟ್ಟಿದೆ. ತೋಳಿನಷ್ಟು ದಪ್ಪ. ನನ್ನ ಜೀವ ಅಲ್ಲೇ ಹೋಗಿತ್ತು. ಒತ್ತಿ ನೋಡಿದರೆ ಪುಡಿಪುಡಿಯಾಯಿತು. ಬ್ರಿಕೆಟ್ಟು! ಕಟ್ಟಿಗೆಯ ಬ್ರಿಕೆಟ್ಟು!

"ಮುತ್ಯಾ! ಹಿಟ್ಟಿಗಿ ನೀರು ಹಾಕಿದ್ಯೇನು?"

ನನ್ನ ಬೆನ್ನ ಹಿಂದಿನಿಂದ, ಸ್ವಿಚ್ಚಿನ ಕಡೆಯಿಂದ, ಅಜ್ಜನನ್ನು ಗದರುವ ಅವಳದೇ ದನಿ.

"ಕೂಡ್ಲಿ ಅಂತ ಹಾಕಿದ್ನಿ, ಯವ್ವಾ..."

"ಹಸಿ ಇದ್ರ ಒಳಗ ಉಗಿ ಕಟ್ಟಿ ಗುಂಡಿನಂಗ ಹಾರ್ತದ! ಬುಸ್ ಅಂದಕೂಡ್ಲೇ ಬಂದ್ ಮಾಡಾಕ ಈ ಕಡಿ ಓಡಿ ಬಂದೆ. ಅಲ್ಲೇ ನಿಂತಿದ್ರ ಏನಾಗ್ತಿತ್ತು?"

ಅವಳ ಎರಡೂ ತೋಳು ಹಿಡಿದೆ. ಹೆಗಲಿಂದ ಬೆರಳ ತುದಿಯವರೆಗೆ ಸವರಿದೆ. ನಗು ಬರುತ್ತಿತ್ತೋ ಅಳು ಬರುತ್ತಿತ್ತೋ, ಎರಡೂ ಒಟ್ಟಿಗೇ ಬರುತ್ತಿದ್ದವು.

"ಅಜ್ಜಿ, ಕೈ ಬಿಡು ಬೇ. ಹಸಿ ಹಿಟ್ಟು ತೆಗೀಬೇಕು."

"ಹಾಕಿದವರು ತೆಗೀಲಿ."

ನಮ್ಮವರು ಸಲಿಕೆ ಹಿಡಿದರು. ಸಂತೆಗೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ನಾನು ಅವಳ ಕೈ ಬಿಡಲಿಲ್ಲ.