ಹಾಳೆಯ ಬಿಲ್ಲೆಗಳು

ಅಡಿಕೆ ಹಾಳೆ ಬುಡದಲ್ಲಿ ದಪ್ಪ, ಅಂಚಿನಲ್ಲಿ ತೆಳು. ಬುಡದಿಂದ ಕತ್ತರಿಸಿದ ಎರಡು ಬಿಲ್ಲೆಗಳಷ್ಟು ಎತ್ತರ ಬರಬೇಕಾದರೆ ಅಂಚಿನವು ಐದು ಬೇಕು. ಹಾಳೆಯಲ್ಲಿ ಉಂಡು, ಹಾಳೆಯ ಟೊಪ್ಪಿ ಹಾಕಿ, ಚಿಕ್ಕಂದಿನಲ್ಲಿ ಹಾಳೆಯ ಮೇಲೆ ಕೂತು ಎಳೆಸಿಕೊಂಡವರೇ ನಮ್ಮ ಕಡೆ ಎಲ್ಲರೂ; ಆದರೂ ಅದನ್ನು ಅಳೆದು ನೋಡುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ನನಗೆ ಬಿತ್ತು. ಬೀಳದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಹುಲಗೋಳದ ನಮ್ಮ ಮನೆಯಲ್ಲಿ ಒಂದು ತೋಟೆ ಕೋವಿಯಿತ್ತು. ಗದ್ದೆಗೆ ಇಳಿಯುವ ಹಂದಿಗಳನ್ನು ಓಡಿಸಲೆಂದು ಪಡೆದ ಅದರ ಪರವಾನಗಿ ದೊಡ್ಡಪ್ಪನ ಹೆಸರಿನಲ್ಲಿತ್ತು. ಹೊಸ ತೋಟೆ ಶಿರಸಿಯಲ್ಲಿ ಸಿಕ್ಕಾಗ ಸಿಕ್ಕಿತು, ಇಲ್ಲದಾಗ ಇಲ್ಲ; ಆದ್ದರಿಂದ ಹಾರಿಸಿದ ತೋಟೆಯ ಖಾಲಿ ಕೊಳವೆಗೇ ದೊಡ್ಡಪ್ಪ ಮತ್ತೆ ಮದ್ದು ಮತ್ತು ಸೀಸದ ಕಾಳಿನಂಥ ಚರೆ ತುಂಬುತ್ತಿದ್ದ. ಎರಡರ ನಡುವೆ ಬಿಗಿಯಾಗಿ ಕೂರಬೇಕಾದ ಬಿಲ್ಲೆಯನ್ನು ಮಾತ್ರ ಅವನು ಪೇಟೆಯಿಂದ ತಂದವನೇ ಅಲ್ಲ. ಅಂಗಳದಲ್ಲಿ ಬಿದ್ದ ಒಣ ಹಾಳೆ ಇರುವಾಗ ಬಿಲ್ಲೆಗೆ ದುಡ್ಡು ಕೊಡುವುದು ಅವನ ಪ್ರಕಾರ ನೀರು ಕೊಂಡು ಕುಡಿದಂತೆ.

ಆ ವರ್ಷ ತೋಟೆಗಳು ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಒಂದು ಭುಜ ಕಳಚುವಂತೆ ಒದೆಯುತ್ತಿತ್ತು. ಮುಂದಿನದು ಹಸಿ ಕಟ್ಟಿಗೆಯ ಒಲೆಯಂತೆ ಪುಸ್ ಎಂದು ಸುಮ್ಮನಾಗುತ್ತಿತ್ತು. ಹಂದಿಗಳು ನಿಶ್ಚಿಂತೆಯಿಂದ ಉಂಡು ಹೋಗುತ್ತಿದ್ದವು.

“ತೋಟೆ ಅಲ್ಲ ಅಣ್ಣ, ನಿನ್ನ ಕಣ್ಣು,” ಎಂದ ಅಪ್ಪ. “ಈ ಸಲ ಪರವಾನಗಿ ನನ್ನ ಹೆಸರಿಗೆ ಮಾಡ್ಸಿ ಬಿಡುವ.”

“ಕಣ್ಣಿಗೆ ಎಂತ ಆಗಿದೆ? ನಿನ್ನ ಗಡ್ಡ ಬೆಳೆದದ್ದು ಇಲ್ಲಿಂದ್ಲೇ ಕಾಣ್ತದೆ.”

ಅಪ್ಪ ಅಂದು ಬೆಳಿಗ್ಗೆಯಷ್ಟೇ ಕ್ಷೌರ ಮಾಡಿಸಿಕೊಂಡಿದ್ದ. ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿರಲಿಲ್ಲ. ಆದರೆ ಧಾರವಾಡದಲ್ಲಿ ಭೌತವಿಜ್ಞಾನ ಓದಿ ಬಂದ ನನ್ನಂಥವಳು ಗಡ್ಡದಂಥ ಕ್ಷುದ್ರ ವಿಷಯವನ್ನು ಗಮನಿಸುವುದುಂಟೆ?

ಬಿತ್ತನೆ, ಕೂಲಿ, ಪೇಟೆಯ ವ್ಯವಹಾರ ಎಲ್ಲವೂ ಅದಾಗಲೇ ಒಂದೊಂದಾಗಿ ಅಪ್ಪನ ಕೈ ಸೇರಿದ್ದವು. ಕೋವಿಯನ್ನು ಹೆಗಲಿಗೇರಿಸಿದಾಗ ಮಾತ್ರ ದೊಡ್ಡಪ್ಪ ಮನೆಯ ಹಿರಿಯನಾಗುತ್ತಿದ್ದ. ಪಕ್ಕದ ಗದ್ದೆಯವರೂ ಅವನನ್ನೇ ಕೂಗಿ ಕರೆಯುತ್ತಿದ್ದರು. ಅದೊಂದಾದರೂ ಅವನಿಗೆ ಉಳಿಯಲಿ ಎಂದು, ಸಾಮಾನ್ಯವಾಗಿ ಯಾರ ಜಗಳಕ್ಕೂ ಬಾಯಿ ಹಾಕದ ನಾನು, ತಪ್ಪು ತೋಟೆಯದೇ ಎಂದು ತೋರಿಸಿಕೊಡುತ್ತೇನೆಂದೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮದ್ದು ಥಂಡಿ ಹಿಡಿದಿರಬಹುದೆಂದು ಹೊಸ ಡಬ್ಬಿ ತೆರೆಸಿದೆ, ಅದೇ ಕಥೆ. ಅಳತೆಯಲ್ಲಿ ಏರುಪೇರಾಗದಂತೆ ನೋಡಿಕೊಂಡೆ, ಆಗಲೂ ಅದೇ. ಕೊನೆಗೆ ಉಳಿದದ್ದು ಹಾಳೆ. ದೊಡ್ಡಪ್ಪ ಈಚೆಗೆ, ಮೊದಲಿನಂತೆ ಆರಿಸದೆ, ಒಂದೇ ಹಾಳೆಯ ಬುಡದಿಂದ ಅಂಚಿನವರೆಗೆ ಸಾಲಾಗಿ ಬಿಲ್ಲೆ ಕತ್ತರಿಸಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿಯುತ್ತಿದ್ದ. ದಪ್ಪನೆಯದು ಕೂತಲ್ಲಿ ಬಿಗಿ, ತೆಳುವಾದದ್ದು ಕೂತಲ್ಲಿ ಸಡಿಲು. ನಾನು ಇಡೀ ಮಧ್ಯಾಹ್ನ ಕೂತು ದಪ್ಪದ್ದನ್ನು ಒಂದು ಡಬ್ಬಿಗೆ, ತೆಳುವಾದದ್ದನ್ನು ಇನ್ನೊಂದಕ್ಕೆ ಆರಿಸಿದೆ.

“ಅಕ್ಕಿಯಲ್ಲಿ ಕಲ್ಲು ಆರಿಸು ಅಂದ್ರೆ ಪುಸ್ತಕ ಹಿಡೀತಿದ್ದೆ,” ಎಂದಳು ದೊಡ್ಡಮ್ಮ. “ಈಗ ಹಂದಿಯ ಊಟಕ್ಕೆ ಆರಿಸ್ತಾ ಕೂತೆ ನೋಡು.”

ದೊಡ್ಡಪ್ಪ ದಪ್ಪ ಬಿಲ್ಲೆಗಳನ್ನೇ ಹಾಕಿ ತೋಟೆ ತುಂಬಿದ. ಸಂಜೆಯ ಬಿಸಿಲಿನಲ್ಲಿ ಗುಡ್ಡದ ಬದಿಗೆ ಎರಡು ಹಳೆಯ ತಗಡು ನಿಲ್ಲಿಸಿ, ಒಂದೊಂದರ ನಟ್ಟನಡುವೆ ಸುಣ್ಣದ ಬೊಟ್ಟು ಇಟ್ಟೆವು. ದೊಡ್ಡಪ್ಪ ಮೊದಲನೆಯದಕ್ಕೆ ಒಂದರ ಹಿಂದೊಂದು ನಾಲ್ಕು ತೋಟೆ ಹಾರಿಸಿದ. ನಾಲ್ಕೂ ಒಂದೇ ದನಿಯಲ್ಲಿ ಮಾತಾಡಿದವು. ನಾನು ಓಡಿಹೋಗಿ ನೋಡಿದೆ. ಚರೆ ಚೆದುರಿರಲಿಲ್ಲ, ಪ್ರತಿ ಸಲವೂ ಒತ್ತಾಗಿ ಒಂದೇ ಕಡೆ ಬಿದ್ದಿತ್ತು, ಸುಣ್ಣದ ಬೊಟ್ಟಿನಿಂದ ಒಂದು ಗೇಣು ಎಡಕ್ಕೆ.

“ಕೋವಿಯ ನಳಿಗೆಯೇ ಓರೆ ಇರಬಹುದು,” ಎಂದೆ. ಅಪ್ಪ ಕೋವಿ ಇಸಿದುಕೊಂಡು, ಉಳಿದಿದ್ದ ಅಂಥದೇ ತೋಟೆಯೊಂದನ್ನು ಹಾಕಿ ಎರಡನೆಯ ತಗಡಿಗೆ ಹಾರಿಸಿದ. ಅದರ ಸುಣ್ಣದ ಬೊಟ್ಟು ಇಲ್ಲವಾಯಿತು.

ದೊಡ್ಡಪ್ಪ ತಗಡುಗಳ ಹತ್ತಿರ ನಡೆದುಹೋಗಿ, ನೋಡದೆ, ತೂತುಗಳ ಮೇಲೆ ಬೆರಳಾಡಿಸಿದ.

“ತೋಟೆ ಸರಿಯಾಯ್ತು, ತಂಗಿ,” ಎಂದ. ನನ್ನನ್ನು ಚಿಕ್ಕಂದಿನಿಂದ ಕರೆಯುತ್ತಿದ್ದುದು ಹಾಗೆಯೇ. ಆ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ.

ಓದುಗರೇ, ಏರುಪೇರನ್ನು ಸರಿಪಡಿಸಿದರೆ ಸತ್ಯ ಹೊರಬರುತ್ತದೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಕೆಲವರು ಆ ಏರುಪೇರಿನ ನೆರಳಿನಲ್ಲೇ ಮರ್ಯಾದೆಯಿಂದ ಬದುಕಿರುತ್ತಾರೆ. ತೋಟೆ ಕೆಟ್ಟಿರುವವರೆಗೆ ಕಣ್ಣು ಚೆನ್ನಾಗಿಯೇ ಇತ್ತು. ನಾನು ದೊಡ್ಡಪ್ಪನ ಪರವಾಗಿ ವಾದಿಸಲು ಹೊರಟು, ಅವನಿಗಿದ್ದ ಒಂದೇ ಸಾಕ್ಷಿಯನ್ನು ಕಸಿದುಕೊಂಡಿದ್ದೆ.

ಆ ಸಂಜೆಯೇ ಕೋವಿ ಜಗಲಿಯ ಗೂಟದಿಂದ ಇಳಿದು ಅಪ್ಪನ ಕೋಣೆಗೆ ಹೋಯಿತು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಜಗಲಿಯಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದ. ನಾನು ಎರಡೂ ಡಬ್ಬಿಗಳನ್ನು ತೆಗೆದೆ. ಬುಡದ ಬಿಲ್ಲೆಗಳನ್ನೂ ಅಂಚಿನವನ್ನೂ ಒಂದೇ ಡಬ್ಬಿಗೆ ಸುರಿದು, ಯಾವುದು ಎಲ್ಲಿಯದೆಂದು ನನಗೂ ತಿಳಿಯದಂತೆ ಚೆನ್ನಾಗಿ ಕಲಸಿದೆ. ಅಪ್ಪನ ತೋಟೆಯೂ ಒಮ್ಮೊಮ್ಮೆ ಪುಸ್ ಎನ್ನಲಿ, ಅದು ಜಗಲಿಯವರೆಗೆ ಕೇಳಲಿ ಎಂದುಕೊಂಡು, ಡಬ್ಬಿಯ ಮುಚ್ಚಳ ಹಾಕಿ ಅವನ ಕೋಣೆಯಲ್ಲಿ ಕೋವಿಯ ಪಕ್ಕಕ್ಕೆ ಇಟ್ಟು ಬಂದೆ.